ಅತ್ತಿಯ ಕಣ್ಣು, ನನ್ನ ಪ್ರಿಂಟರಿನ ಹಳದಿ

ಬಿಳಿ ಕಾಗದದ ಮೇಲೆ ಹಳದಿ ಗೆರೆ ಇದೆಯೋ ಇಲ್ಲವೋ ಎಂದು ಬರಿಗಣ್ಣಿನಿಂದ ಹೇಳುವುದು ಕಷ್ಟ. ಇಷ್ಟು ಸಣ್ಣ ಸಂಗತಿ ನನಗೆ ಸಮಯಕ್ಕೆ ಸರಿಯಾಗಿ ಹೊಳೆದಿದ್ದರೆ ನಮ್ಮ ಅತ್ತಿ, ಅಂದರೆ ಅಪ್ಪನ ತಂಗಿ, ಎಡಗಣ್ಣಿನ ಆಪರೇಶನ್ನೇ ಬೇಡವೆಂದು ಹಟ ಹಿಡಿದು ಕೂಡುತ್ತಿರಲಿಲ್ಲ. ನಾನು ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬೆಳಕಿನ ಪಾಠವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಮಾಡಿದ್ದೇನೆ. ಪಟ್ಟಕ ಹಿಡಿದು ಗೋಡೆಯ ಮೇಲೆ ಏಳು ಬಣ್ಣ ಬೀಳಿಸಿ, ಮಕ್ಕಳು ‘ಹೋ’ ಅಂದಾಗ ಬಣ್ಣಗಳನ್ನು ನಾನೇ ಮನೆಯಿಂದ ತಂದವನಂತೆ ಬೀಗಿದ್ದೇನೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಅವಳು ಹೇಳುವ ರೀತಿ ಬೇರೆ.

ಫೋಟೋ ಪ್ರಿಂಟರ್ ನಮ್ಮ ಮನೆಗೆ ಬಂದದ್ದು ಬರೀ ನನ್ನ ಅಂಜಿಕೆಯಿಂದ. ಫೋನ್ ಕಳೆಯಬಹುದು, ಕೆಡಬಹುದು, ಬಾವಿಗೆ ಬೀಳಬಹುದು. ನಮ್ಮ ಮನೆಯಲ್ಲಿ ಬಾವಿ ಇಲ್ಲ, ಆ ಮಾತು ಬೇರೆ. ಅದರೊಳಗಿನ ಫೋಟೋಗಳೆಲ್ಲ ಒಂದೇ ಸಲ ಹೋದರೆ ಏನು ಗತಿ ಎಂದು ಒಂದು ವರ್ಷ ಯೋಚಿಸಿ ಕೊನೆಗೆ ನಾಲ್ಕು ಶಾಯಿಯ ಒಂದು ಯಂತ್ರ ತಂದೆ: ಕಪ್ಪು, ನೀಲಿ, ರಾಣಿ ಬಣ್ಣದ ಗುಲಾಬಿ, ಹಳದಿ. ತಂದ ದಿನದಿಂದ ಚಿಂತೆಯ ವಿಷಯ ಬದಲಾಯಿತು. ಮೊದಲು ಫೋಟೋಗಳ ಚಿಂತೆ ಇತ್ತು, ಈಗ ಪ್ರಿಂಟರಿನದು.

ಕಾಗದದ ಮೇಲೆ ಅತ್ತಿತ್ತ ಓಡಾಡಿ ಶಾಯಿ ಬಿಡುವ ಅದರ ಹೆಡ್ಡಿನಲ್ಲಿ ಕೂದಲಿಗಿಂತ ಸಣ್ಣ ತೂತುಗಳು ಸಾಲುಸಾಲಾಗಿ ಇರುತ್ತವೆ. ಅವುಗಳಿಗೆ ನಾಜಲ್ ಅನ್ನುತ್ತಾರೆ. ಆ ತೂತಿನಲ್ಲಿ ಶಾಯಿ ಒಣಗಿ ಗಟ್ಟಿಯಾದರೆ ಆ ಬಣ್ಣ ಕಾಗದಕ್ಕೆ ಇಳಿಯುವುದಿಲ್ಲ. ನೆಗಡಿಯಾದಾಗ ಮೂಗು ಕಟ್ಟುತ್ತದಲ್ಲ, ಹಾಗೆ. ನಮ್ಮ ಮನೆಯಲ್ಲಿ ನಾವು ಅದನ್ನು ಮೂಗು ಎಂದೇ ಕರೆಯುತ್ತಿದ್ದೆವು.

ಅತ್ತಿ ಇರುವುದು ಸವಣೂರಿನಲ್ಲಿ, ಮಗ ಸೊಸೆಯ ಜೊತೆ. ಎಪ್ಪತ್ತೈದು ದಾಟಿದ ಈ ಹೆಂಗಸು ಬದುಕಿನ ತುಂಬ ಎರಡೇ ಹಟ ಹಿಡಿದವಳು. ಒಂದು, ಎಲೆ ಅಡಿಕೆ ಬಿಡುವುದಿಲ್ಲ. ಇನ್ನೊಂದು, ನಮ್ಮ ಬಳಗದಲ್ಲಿ ಎಲ್ಲಿ ಕೂಸು ಹುಟ್ಟಿದರೂ ಅದಕ್ಕೊಂದು ಕೌದಿ ತಾನೇ ಹೊಲಿದು ಕಳಿಸುವುದು. ಹಳೆ ಸೀರೆ, ಲಂಗ, ಅಂಗಿಗಳ ತುಂಡು ಜೋಡಿಸಿ ಕೈಸೂಜಿಯಿಂದ ಹೊಲಿಯುವ ಆ ಹೊದಿಕೆಯಲ್ಲಿ ಯಾವ ತುಂಡಿನ ಪಕ್ಕ ಯಾವ ತುಂಡು ಬರಬೇಕು ಎಂಬುದನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಆದರೆ ಎರಡೂ ಕಣ್ಣಿಗೆ ಪೊರೆ ಬಂದು, ಈಚಿನ ಕೆಲವು ಕೌದಿಗಳನ್ನು ಅಂದಾಜಿನ ಮೇಲೆ ಹೊಲಿದಿದ್ದಳು. ಹೋದ ವರ್ಷ ದಸರೆಗೆ ಮೊದಲು ಹುಬ್ಬಳ್ಳಿಯಲ್ಲಿ ಬಲಗಣ್ಣಿನ ಆಪರೇಶನ್ ಆಯಿತು. ಎಡಗಣ್ಣಿಗೆ ದೀಪಾವಳಿ ಕಳೆದ ಮೇಲೆ ದಿನ ಕೊಟ್ಟಿದ್ದರು. ‘ಅದು ಭಾಳ ಬಲತೈತಿ, ತಡಾ ಮಾಡಿದ್ರ ಇದ್ದ ಬೆಳಕೂ ಹೋದೀತು’ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು.

ಬಲಗಣ್ಣಿನ ಪಟ್ಟಿ ಬಿಚ್ಚಿದ ವಾರಕ್ಕೆ ನಾನು ನೋಡಲು ಹೋದಾಗ ಅತ್ತಿ ಅಂದಳು: “ನಾ ಹೊಲಿದ ಕೌದಿ ಈಗ ಹೆಂಗ ಕಾಣತಾವ ನೋಡಬೇಕಲ್ಲೋ. ಎಲ್ಲಾ ಊರೂರಿಗೆ ಹೋಗಿ ಬಿದ್ದಾವು.”

“ಫೋನಿನ್ಯಾಗ ತೋರಸ್ತೇನಿ ತಗೋ.”

“ಫೋನ್ ಬ್ಯಾಡ. ಬಟ್ಟು ತಾಕಿದರ ಫೋಟೋ ಓಡಿ ಹೋಗತಾವು. ಕಾಗದದಾಗ ಹಾಕ್ಕೊಂಡ ಬಾ. ಮಷೀನ್ ತಂದೀಯಂತಲ್ಲ, ಸುಮ್ಮನ ಕುಂತೈತಿ.”

ಹೀಗೆ ಕೆಲಸ ಸಿಕ್ಕಿತು. ದಸರೆಯ ರಜೆಯಲ್ಲಿ ಮೊದಲು ಖಂಡೇ ಪೂಜೆ ಮುಗಿಸಿದೆ. ನಮ್ಮ ಕಡೆ ಆ ದಿನ ಮನೆಯಲ್ಲಿ ದುಡಿಯುವ ಕಬ್ಬಿಣ ಯಾವುದಿದ್ದರೂ ಅದಕ್ಕೆ ವಿಭೂತಿ ಹಚ್ಚಿ ಹೂ ಏರಿಸುತ್ತೇವೆ. ಈಳಿಗೆ, ಕುಡುಗೋಲು, ಗಾಡಿ, ಮಿಕ್ಸರ್, ಹೊಲಿಗೆ ಯಂತ್ರ. ಹೆಂಡತಿ ಅಡುಗೆಮನೆಯದನ್ನು ನೋಡಿಕೊಂಡಳು, ಪ್ರಿಂಟರ್ ನನ್ನ ಪಾಲಿಗೆ ಬಂತು. ಅದು ಪ್ಲಾಸ್ಟಿಕ್ಕಿನದು ಎಂಬ ತಕರಾರನ್ನು ನಾನೇ ಎತ್ತಿ ನಾನೇ ತಳ್ಳಿಹಾಕಿದೆ. ಮುಚ್ಚಳದ ಮೇಲೆ ಮೂರು ಬೆರಳು ಎಳೆದೆ. ಅಲ್ಲಿಗೆ ಬಿಡಬಹುದಿತ್ತು. ಆದರೆ ಕೆಲಸ ಮಾಡುವುದು ಒಳಗಿನ ಭಾಗವಲ್ಲವೇ ಎಂಬ ಯೋಚನೆ ಬಂತು. ಮುಚ್ಚಳ ಎತ್ತಿ ಒಳಗೂ ಒಂದು ಚಿಟಿಕೆ ಉದುರಿಸಿದೆ. ಬಾಳಿಕೆ ಬರಲಿ ಎಂದು ಇನ್ನೊಂದು ಚಿಟಿಕೆ. ಅದಕ್ಕೂ ಒಂದಿಷ್ಟು ವಿಶ್ರಾಂತಿ ಸಿಗಲಿ ಎಂದು ದೀಪಾವಳಿಯವರೆಗೆ ಗುಂಡಿಯನ್ನೇ ಒತ್ತಲಿಲ್ಲ. ಬಸವಣ್ಣನಿಗೆ ವಿಶ್ರಾಂತಿಯ ದಿನವೆಂದು ಸೋಮವಾರ ಎತ್ತು ಹೂಡದ ಮನೆತನದವನಿಗೆ ಇದರಲ್ಲಿ ತಪ್ಪು ಕಾಣಲಿಲ್ಲ.

ಆಮೇಲೆ ಕೌದಿಗಳ ಬೆನ್ನು ಹತ್ತಿದೆ. ಶಿಗ್ಗಾಂವಿಯಲ್ಲಿ ಸೋದರಸಂಬಂಧಿಯೊಬ್ಬರ ಮನೆಯ ಕೌದಿ ಟೀವಿಯ ಮೇಲೆ ಹೊದಿಕೆಯಾಗಿತ್ತು. ಹಿರೇಕೆರೂರಿನಲ್ಲಿ ಅತ್ತಿಯ ಮಗಳು ತನ್ನದನ್ನು ಟ್ರಂಕಿನಿಂದ ತೆಗೆದಳು. ಅಂಗಳದ ತುಂಬ ಗೋವಿನಜೋಳ ಒಣಹಾಕಿದ್ದರು, ಅದರ ಮೇಲೆಯೇ ಹಾಸಿ ಫೋಟೋ ತೆಗೆದೆ. ತಿಳವಳ್ಳಿಯಲ್ಲಿ ಕೌದಿ ಎಲ್ಲಿದೆ ಎಂದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಅದು ಕೊಟ್ಟಿಗೆಯಲ್ಲಿ, ಆಗಷ್ಟೇ ಹುಟ್ಟಿದ ಎಮ್ಮೆಯ ಕರುವಿನ ಮೈಮೇಲೆ ಇತ್ತು. “ಇದನ್ನ ಅತ್ತಿಗೆ ಹೇಳಬ್ಯಾಡ್ರಿ ಮತ್ತ” ಅಂದರು. ಕರುವೂ ಕೂಸೇ ಅಲ್ಲವೇ ಎಂದು ಸಮಾಧಾನ ಮಾಡಿ, ಕರುವನ್ನು ಬದಿಗೆ ಸರಿಸಿ ಫೋಟೋ ಹೊಡೆದೆ.

ಒಟ್ಟು ಏಳು ಕೌದಿ ಸಿಕ್ಕವು. ದೀಪಾವಳಿ ಕಳೆದ ಭಾನುವಾರ ಪ್ರಿಂಟರ್ ಹಚ್ಚಿದೆ. ನಾನು ಅಂಜುಬುರುಕ, ಹಾಗಾಗಿ ಮೊದಲು ನಾಜಲ್ ಪರೀಕ್ಷೆಯ ಹಾಳೆ ತೆಗೆದೆ. ಅದರಲ್ಲಿ ನಾಲ್ಕೂ ಬಣ್ಣದ ಸಣ್ಣ ಗೆರೆಗಳು ಮೆಟ್ಟಿಲುಮೆಟ್ಟಿಲಾಗಿ ಬರುತ್ತವೆ. ಎಲ್ಲಿ ಗೆರೆ ತಪ್ಪಿದೆಯೋ ಅಲ್ಲಿ ಮೂಗು ಕಟ್ಟಿದೆ ಎಂದು ಅರ್ಥ. ಕಪ್ಪು ಇತ್ತು. ನೀಲಿ ಇತ್ತು. ರಾಣಿ ಇತ್ತು. ಹಳದಿ, ಹಾಂ, ಇದ್ದಂತೆ ಇತ್ತು. ಹಳದಿ ಅಂದರೆ ತೆಳುವೇ ತಾನೆ ಎಂದು ಏಳೂ ಫೋಟೋ ಪ್ರಿಂಟ್ ಹೊಡೆದೆ.

ಬಣ್ಣ ಸ್ವಲ್ಪ ಬೇರೆ ಅನ್ನಿಸಿತು, ಸುಳ್ಳೇಕೆ ಹೇಳಲಿ. ಫೋನಿನಲ್ಲಿ ಹಸಿರಿದ್ದದ್ದು ಕಾಗದದಲ್ಲಿ ನೀಲಿಯ ಕಡೆ ವಾಲಿತ್ತು. ಆದರೆ ನನ್ನ ಫೋನಿನಲ್ಲಿ ಕಣ್ಣಿಗೆ ತ್ರಾಸಾಗದಿರಲಿ ಎಂದು ಪರದೆಯನ್ನು ಹಳದಿಯಾಗಿಸುವ ಒಂದು ಗುಂಡಿಯನ್ನು ವರ್ಷಗಟ್ಟಲೆಯಿಂದ ಒತ್ತಿಯೇ ಇಟ್ಟಿದ್ದೆ. ಸುಳ್ಳು ಹೇಳುತ್ತಿರುವುದು ಫೋನು, ಕಾಗದವೇ ಖರೆ ಎಂದು ತೀರ್ಮಾನಿಸಿದೆ. ಹಳೆಯ ಬಟ್ಟೆ, ತೊಳೆದು ತೊಳೆದು ಬಣ್ಣವೂ ಹೋಗಿರಬೇಕು. ಫೋಟೋದಲ್ಲಿ ಒಂದು ಮನುಷ್ಯನ ಮುಖ ಇದ್ದಿದ್ದರೂ ಅದು ನೇರಳೆಯಾಗಿ ಬಂದು ನನ್ನನ್ನು ಎಚ್ಚರಿಸುತ್ತಿತ್ತು. ಎಲ್ಲವೂ ಬಟ್ಟೆ. ಬಟ್ಟೆಗೆ ಯಾವ ಬಣ್ಣವಾದರೂ ನಡೆಯುತ್ತದೆ.

ಸವಣೂರಿನಲ್ಲಿ ಅತ್ತಿ ಪಡಸಾಲೆಯ ಬಾಗಿಲ ಬೆಳಕಿಗೆ ಕುಳಿತು ಮೊದಲನೆಯ ಫೋಟೋ ಕೈಗೆ ತೆಗೆದುಕೊಂಡಳು.

“ಇದ ಯಾರದು?”

“ಹಿರೇಕೆರೂರಿಂದು. ನಿನ್ನ ಮಗಳದು.”

“ಇದರಾಗ ಗಿಣಿ ಹಸರ ಎಲ್ಲೈತಿ?”

“ಇಲ್ಲೇ ಐತಲ್ಲ, ನಡುವ.”

“ಇದು ಹಸರೇನ? ನೀಲಿ ಪುಡಿ ಕಲಸಿದ ನೀರಿನಂಗ ಐತಿ. ಇಲ್ಲೆ ಸೂರ್ಯಪಾನದ ಹೂವಿನ ಹಳದಿ ಇತ್ತು, ಅದೂ ಬೆಳ್ಳಗ ಆಗೈತಿ.” ಅವಳು ಇನ್ನೆರಡು ಫೋಟೋ ನೋಡಿದಳು. ಮುಖ ಸಣ್ಣದಾಯಿತು. ಆಮೇಲೆ, ಯಾರೂ ಹೇಳಿಕೊಡದೆ, ಅಂಗೈಯಿಂದ ಹೊಸ ಕಣ್ಣು ಮುಚ್ಚಿ, ಪೊರೆ ಬಂದ ಎಡಗಣ್ಣಿನಿಂದ ಫೋಟೋವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು.

“ಹಾಂ! ಈಗ ಬಂತು ನೋಡು ಹಸರ. ಮಬ್ಬ ಐತಿ ಖರೆ, ಆದರ ಹಸರ ಐತಿ. ಹಳದೀನೂ ಬಂತು.” ಅಂಗೈ ಬದಲಿಸಿದಳು. “ಹೋತು. ಮತ್ತ ನೀಲಿ.” ಮತ್ತೆ ಬದಲಿಸಿದಳು. ಐದಾರು ಸಲ ಹೀಗೆ ಮಾಡಿ ಫೋಟೋಗಳನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟಳು. “ತಿಳೀತು ಬಿಡು. ಮೋತಿಬಿಂದು ಜೋಡಿ ನನ್ನ ಹಳದೀನೂ ಕಿತ್ತ ಒಗದಾನ ಡಾಕ್ಟರ. ಇನ್ನೊಂದ ಕಣ್ಣ ನಾ ಕೊಡಂಗಿಲ್ಲ.”

“ಹಂಗೆಲ್ಲಾ ಇರಂಗಿಲ್ಲ ಅತ್ತಿ.”

“ಮತ್ತ ಹೆಂಗ ಇರತೈತಿ, ನೀನ ಹೇಳು. ಸೈನ್ಸ್ ಮಾಸ್ತರ ಅದೀಯಲ್ಲ.”

ಒಳಗಿನಿಂದ ಸೊಸೆ, “ತಡಾ ಮಾಡಿದ್ರ ಆ ಕಣ್ಣ ಪೂರಾ ಹೋಗತೈತಂತ್ರಿ ಅತ್ತಿ, ಡಾಕ್ಟರ ಹೇಳ್ಯಾರ” ಅಂದಳು. ಅತ್ತಿ ಅವಳತ್ತ ತಿರುಗದೆ ಹೇಳಿದಳು: “ಹೋಗಲಿ. ಸೂಜಿಗೆ ದಾರಾ ನೀ ಪೋಣಿಸಿ ಕೊಡತಿ. ಬಣ್ಣ ಯಾರ ನೋಡಿ ಕೊಡತಾರ?”

ನನಗೂ ಆ ಫೋಟೋಗಳು ನೀಲಿಯಾಗಿಯೇ ಕಾಣುತ್ತಿದ್ದವು. ಅದನ್ನು ಆ ಕ್ಷಣ ಬಾಯಿಬಿಟ್ಟು ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ತಲೆ ಓಡಿದ್ದು ಬೇರೆ ಕಡೆಗೆ. ಆಪರೇಶನ್ ಆದ ಅವಳ ಕಣ್ಣಿಗೆ ಹಳದಿ ಕಾಣದಿದ್ದರೆ ಅದಕ್ಕೊಂದು ಕಾರಣವುಂಟು, ಆಪರೇಶನ್ನೇ ಆಗದ ನನ್ನ ಕಣ್ಣಿಗೂ ಕಾಣುತ್ತಿಲ್ಲ ಅಂದರೆ ನನ್ನದು ಎಂಥ ರೋಗ? ಮರಳುವಾಗ ಶಿಗ್ಗಾಂವಿಯಲ್ಲಿ ಬಸ್ ಬದಲಿಸುವ ನಡುವೆ ಒಂದು ಕನ್ನಡಕದ ಅಂಗಡಿಗೆ ನುಗ್ಗಿ ಕಣ್ಣು ತೋರಿಸಿದೆ. ಅಂಗಡಿಯವರು ಬಣ್ಣಬಣ್ಣದ ಚುಕ್ಕಿಗಳ ಪುಸ್ತಕ ಹಿಡಿದು ಅಂಕಿ ಓದಿಸಿದರು. “ನಿಮ್ಮ ಕಣ್ಣು ಚಲೋ ಅದಾವ್ರಿ ಸರ. ಯಾಕ್ರಿ, ಏನಾತು?” ಅಂದರು. ಏನೂ ಇಲ್ಲ ಎಂದು ಹೊರಗೆ ಬಂದೆ. ಸಮಾಧಾನವಾಗಬೇಕಿತ್ತು. ಹಾಗಾದರೆ ನನಗೆ ಯಾಕೆ ನೀಲಿ ಕಂಡಿತು ಎಂಬ ಹೊಸ ಚಿಂತೆ ಹಾನಗಲ್ಲಿನ ತನಕ ಜೊತೆಗೆ ಬಂತು.

ಮನೆಯಲ್ಲಿ ಎಲ್ಲ ಕೇಳಿಸಿಕೊಂಡು ಹೆಂಡತಿ ಒಗ್ಗರಣೆಗೆ ಕೈ ಹಾಕುತ್ತ ಒಂದೇ ಮಾತು ಕೇಳಿದಳು: “ಅತ್ತಿಗೆ ಅರಿಷಿಣ ಹೆಂಗ ಕಾಣತೈತಿ? ಕೇಳಿದ್ರೇನು?”

ಕೇಳಿರಲಿಲ್ಲ. ಫೋನ್ ಹಚ್ಚಿದೆ.

“ಅತ್ತಿ, ಹೊಸಾ ಕಣ್ಣಿಂದ ನೋಡಿದ್ರ ಅರಿಷಿಣ ಹೆಂಗ ಕಾಣತೈತಿ?”

“ಅರಿಷಿಣದಂಗ ಕಾಣತೈತಿ. ಮತ್ತ ಹೆಂಗ ಕಾಣಬೇಕು?”

“ಮತ್ತ ನಿನ್ನ ವೀಳ್ಯದೆಲಿ?”

“ಹಸರ ಐತಿ. ಎಲಿ ನೀಲಿ ಇದ್ದರ ಬಾಯಾಗ ಹಾಕ್ಕೊಂತಿದ್ದೆನೇನು?”

“ಹಂಗಾರ ನಿನಗ ಹಳದಿ ಕಾಣತೈತಿ!”

“ಅರಿಷಿಣದ್ದು ಕಾಣತೈತೋ. ಕಾಗದದಾಗಿಂದು ಕಾಣಂಗಿಲ್ಲ. ನನ್ನ ಕೌದಿ ಅಷ್ಟ ಕಾಣಂಗಿಲ್ಲ.” ಫೋನ್ ಇಟ್ಟಳು.

ಹೆಂಡತಿ ಒಗ್ಗರಣೆಯ ಹೊಗೆಯ ಆಚೆಯಿಂದ ನನ್ನನ್ನು ನೋಡಿದಳು. “ಕೆಟ್ಟಿದ್ದು ಅತ್ತಿ ಕಣ್ಣಲ್ಲ” ಅಂದಳು. ಇನ್ನೇನು ಕೆಟ್ಟಿದೆ ಎಂದು ಅವಳು ಹೇಳಲಿಲ್ಲ. ಪ್ರಿಂಟರಿನ ಕಡೆ ನೋಡಿದಳೋ ನನ್ನ ಕಡೆಯೋ ಎಂಬುದು ಈಗಲೂ ಸ್ಪಷ್ಟವಿಲ್ಲ.

ನಾಜಲ್ ಪರೀಕ್ಷೆಯ ಹಾಳೆಯನ್ನು ಮತ್ತೆ ತೆಗೆದು ಕಿಟಕಿಯ ಬಳಿ ಹಿಡಿದೆ. ಹಳದಿ ಇರುವಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಮರುದಿನ ಒಂಬತ್ತನೆಯ ತರಗತಿಗೆ ಹೋಗುವ ದಾರಿಯಲ್ಲಿ, ಪ್ರಯೋಗಾಲಯದ ಕಪಾಟಿನ ಮುಂದೆ ಕಾಲು ನಿಂತಿತು. ಅದರಲ್ಲಿ ನೀಲಿ ಗಾಜಿನ ಒಂದು ತುಂಡಿದೆ. ಜ್ವಾಲೆಯ ಹಳದಿಯನ್ನು ಅಡಗಿಸಲು ಅದನ್ನು ಹಿಡಿಯುತ್ತೇವೆ, ಏಕೆಂದರೆ ನೀಲಿ ಗಾಜು ಹಳದಿಯನ್ನು ದಾಟಗೊಡುವುದಿಲ್ಲ. ದಾಟಗೊಡುವುದಿಲ್ಲ ಅಂದರೆ? ಅದರೊಳಗಿಂದ ನೋಡಿದರೆ ಬಿಳಿ ಕಾಗದದ ಮೇಲಿನ ಹಳದಿ ಗೆರೆ ಕಪ್ಪಾಗಿ ಕಾಣಬೇಕು! ಇಷ್ಟು ವರ್ಷ ಪಾಠ ಮಾಡಿದ ಸಂಗತಿ ಮೊದಲ ಸಲ ನನ್ನ ಸ್ವಂತ ಕೆಲಸಕ್ಕೆ ಬಂದಿತ್ತು. ಗಾಜನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದು ಕಣ್ಣಿಗೆ ಹಿಡಿದೆ.

ಹಳದಿಯ ಮೆಟ್ಟಿಲುಗಳಲ್ಲಿ ಮೂರೇ ಮೂರು ಉಳಿದಿದ್ದವು, ಮಿಕ್ಕದ್ದೆಲ್ಲ ಬಯಲು. ನಾನು ‘ಇದ್ದಂತೆ ಇದೆ’ ಎಂದು ನೋಡಿದ್ದು ಇರಬೇಕೆಂಬ ನನ್ನ ಆಸೆಯನ್ನು.

ಆಗ ಅತ್ತಿಯ ಎರಡು ಕಣ್ಣಿನ ಆಟವೂ ಅರ್ಥವಾಯಿತು. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಗಟ್ಟುತ್ತ ಹೋಗುತ್ತದೆ, ಪೊರೆ ಬಂದರೆ ಇನ್ನೂ ಹೆಚ್ಚು. ನನ್ನ ಪ್ರಿಂಟರ್ ಹಾಕದೆ ಬಿಟ್ಟ ಹಳದಿಯನ್ನು ಅವಳ ಹಳೆಯ ಕಣ್ಣು ತನ್ನ ಹತ್ತಿರದ್ದನ್ನೇ ಸುರಿದು ತುಂಬಿಕೊಟ್ಟಿತ್ತು. ಹೊಸ ಕಣ್ಣು ಇದ್ದದ್ದನ್ನು ಇದ್ದ ಹಾಗೆ ಹೇಳಿತ್ತು. ಅತ್ತಿಯ ಪರೀಕ್ಷೆಯಲ್ಲಿ ತಪ್ಪಿರಲಿಲ್ಲ, ತಪ್ಪು ನಾನು ಕೊಟ್ಟ ಪ್ರಶ್ನೆಪತ್ರಿಕೆಯಲ್ಲಿತ್ತು. ಅವಳ ಆಪರೇಶನ್ನಿಗೆ ಉಳಿದದ್ದು ಒಂಬತ್ತು ದಿನ.

ಯಂತ್ರದಲ್ಲಿ ಹೆಡ್ ತೊಳೆಯುವ ಒಂದು ಗುಂಡಿ ಇರುತ್ತದೆ. ಒತ್ತಿದರೆ ಅದು ನಾಜಲುಗಳಿಂದ ಶಾಯಿಯನ್ನು ಹೀರಿ ಎಳೆದು ಚೊಕ್ಕ ಮಾಡಬೇಕು. ಮೂರು ಸಲ ಒತ್ತಿದೆ. ಅದು ಗುರುಗುಟ್ಟಿತು, ಕೆಮ್ಮಿತು, ನೀಲಿ ಗಾಜಿನಲ್ಲಿ ಅದೇ ಮೂರು ಮೆಟ್ಟಿಲು. ನಾಲ್ಕನೆಯ ಸಲ ಒತ್ತಲು ಹೋದಾಗ ಹೆಂಡತಿ, “ಮೂಗು ಕಟ್ಟಿದ ಕೂಸಿನ ಮೂಗು ಹಿಂಗ ಹಿಂಡತಾರೇನ್ರಿ?” ಅಂದಳು. ಕೈ ಹಿಂದೆಗೆದೆ.

ಶಿಗ್ಗಾಂವಿಯ ಬಸ್ ನಿಲ್ದಾಣದ ಹಿಂದೆ ಪ್ರಿಂಟರ್ ರಿಪೇರಿಯ ಅಂಗಡಿಯೊಂದಿದೆ. ನಡೆಸುವವರು ನಲವತ್ತರ ಆಸುಪಾಸಿನ ಹೆಂಗಸು. ಮೊದಲು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರಂತೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಪ್ರಿಂಟರನ್ನು ಚಾದರದಲ್ಲಿ ಸುತ್ತಿ, ಶಾಯಿ ಚೆಲ್ಲದಿರಲೆಂದು ಹಾನಗಲ್ಲಿನಿಂದ ಶಿಗ್ಗಾಂವಿಯ ತನಕ ತೊಡೆಯ ಮೇಲೆ ಮಟ್ಟಸವಾಗಿ ಹಿಡಿದು ಕುಳಿತೆ. ಕಂಡಕ್ಟರು ಬಗ್ಗಿ ನೋಡಿ, “ಕೂಸು ಮಲಗೈತೇನ್ರಿ ಸರ? ಟಿಕೇಟ ಬ್ಯಾಡ ಬಿಡ್ರಿ” ಅಂದರು. ಬಸ್ಸೆಲ್ಲ ನಕ್ಕಿತು.

ಅಂಗಡಿಯಾಕೆ ಮುಚ್ಚಳ ಎತ್ತಿ, ಹೆಡ್ಡನ್ನು ಬದಿಗೆ ಸರಿಸಿ, ಟಾರ್ಚು ಬಿಟ್ಟರು.

“ಸರ, ಇದೇನ್ರಿ ಬೆಳ್ಳಗ?”

“ಎಲ್ಲಿ?”

ಅವರು ಹತ್ತಿಯ ಕಡ್ಡಿಯಿಂದ ಒಂದಿಷ್ಟು ಕೆದಕಿ ಮೂಗಿನ ಬಳಿ ಹಿಡಿದರು. ಆಮೇಲೆ ಮೂರು ಬೆರಳನ್ನು ಹಣೆಯ ಮುಂದೆ ಅಡ್ಡಡ್ಡ ಆಡಿಸಿ ತೋರಿಸಿದರು. “ಇದ ಹೌದಲ್ರಿ?”

“ಹೌದ್ರಿ.”

“ಮನ್ಯಾಗ ಯಾರ ಹಾಕಿದ್ರು?”

ಆಕೆಯ ಕೈಯಲ್ಲಿದ್ದ ಹತ್ತಿಯ ಕಡ್ಡಿ ನೋಡುತ್ತ, “ನಾನ ರಿ” ಅಂದೆ.

“ಏನ್ ಕೆಲಸಾ ಮಾಡ್ತೀರಿ?”

“ಮಾಸ್ತರ. ಸೈನ್ಸ್.”

ಆಕೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. “ನೀವೊಬ್ಬರ ಅಲ್ರಿ. ಖಂಡೇ ಪೂಜಿ ಮುಗೀತಂದ್ರ ನನಗ ಇದ ಕೆಲಸ. ವಿಭೂತಿ, ಕುಂಕುಮ, ಅಕ್ಕಿಕಾಳು. ಒಬ್ಬರು ನಿಂಬಿಹಣ್ಣ ಒಳಗ ಇಟ್ಟಿದ್ರು. ಬರ್ರಿ ಇಲ್ಲೆ, ನೋಡ್ರಿ.”

ಬಗ್ಗಿ ನೋಡಿದೆ. ಹೆಡ್ ಕೆಲಸ ಮುಗಿಸಿದ ಮೇಲೆ ಬಂದು ಕೂಡುವ ಜಾಗದಲ್ಲಿ ರಬ್ಬರಿನ ಅಂಚುಳ್ಳ ಒಂದು ಪುಟ್ಟ ತಟ್ಟೆ ಇತ್ತು. ಆಕೆ ಅದನ್ನು ಟೋಪಿ ಎಂದರು. ಉಲ್ಟಾ ಟೋಪಿ. ಗಾಳಿ ಹೋಗದಂತೆ ಹೆಡ್ಡಿಗೆ ಕೆಳಗಿನಿಂದ ಬಿಗಿಯಾಗಿ ಕೂಡುವುದು ಅದರ ಕೆಲಸ. ನನ್ನ ವಿಭೂತಿ ಆ ರಬ್ಬರಿನ ಒಂದು ಮೂಲೆಯ ಮೇಲೆ ಬಿದ್ದು, ಶಾಯಿಯ ಹಸಿಗೆ ನೆನೆದು, ಗಾರೆಯ ಹಾಗೆ ಗಟ್ಟಿಯಾಗಿತ್ತು. ಆ ಮೂಲೆಯ ಮೇಲೆಯೇ ಹಳದಿಯ ಸಾಲು. ಸಂದಿಯಿಂದ ಗಾಳಿ ಆಡಿ ಹಳದಿ ಒಣಗಿತು. ಅದರ ಮೇಲೆ ಹದಿನೈದಿಪ್ಪತ್ತು ದಿನ ನಾನು ಕೊಟ್ಟ ವಿಶ್ರಾಂತಿ.

“ಮತ್ತ ತೊಳಿಯೂ ಗುಂಡಿ ಮೂರ ಸಲ ಒತ್ತೇನ್ರಿ. ಯಾಕ ಬರಲಿಲ್ಲ?”

“ತೂತು ಬಿದ್ದ ನಳಿಕಿಲೆ ಎಳನೀರ ಕುಡದೀರೇನು? ಗಾಳಿ ಬರತೈತಿ, ನೀರ ಬರಂಗಿಲ್ಲ. ಟೋಪಿ ಬಿಗೀ ಕುಂತ್ರ ಹೀರತೈತಿ.”

ಎಷ್ಟು ಚೆನ್ನಾಗಿ ಹೇಳಿದರು! ವಾಯುವಿನ ಒತ್ತಡದ ಪಾಠಕ್ಕೆ ಈ ನಳಿಕೆಯನ್ನು ಆ ವಾರವೇ ಕದ್ದು ಬಳಸಿಕೊಂಡೆ. ನನ್ನ ಕುತೂಹಲ ಹೆಚ್ಚಾಗಿ, ಬಿಳಿ ಬಣ್ಣ ಯಾವ ತೂತಿನಿಂದ ಬರುತ್ತದೆ ಎಂದು ಕೇಳಿದೆ. “ಬಿಳಿ ಎಲ್ಲೀದ್ರಿ ಇದರಾಗ? ಬಿಳಿ ಬೇಕಾದಲ್ಲಿ ಇದು ಏನೂ ಮಾಡಂಗಿಲ್ಲ, ಸುಮ್ಮನ ದಾಟತೈತಿ. ಅದು ಕಾಗದದ ಬಿಳಿ” ಅಂದರು. ಅಂದರೆ ಆ ಯಂತ್ರದೊಳಗೆ ಬಿಳಿಯೆಂಬುದು ಹೋಗಿದ್ದರೆ ಅದು ನಾನು ಉದುರಿಸಿದ ಎರಡು ಚಿಟಿಕೆ ಮಾತ್ರ.

ಪಕ್ಕದ ಗ್ಯಾರೇಜಿನಿಂದ ಬ್ಯಾಟರಿಗೆ ಹಾಕುವ ಶುದ್ಧ ನೀರು ತರಿಸಿದರು. ಅದು ಆಸಿಡ್ ಅಲ್ಲ ತಾನೇ ಎಂದು ನಾನು ಎರಡು ಸಲ ಕೇಳಿದೆ. ಎರಡನೆಯ ಸಲಕ್ಕೆ ಆಕೆ ಅದರಲ್ಲೊಂದು ಬೆರಳು ಅದ್ದಿ ನನ್ನ ಮುಂದೆ ಹಿಡಿದರು. ಕಡ್ಡಿಯಿಂದ ರಬ್ಬರನ್ನು ತಿಕ್ಕಿ ತಿಕ್ಕಿ ಗಾರೆ ಬಿಡಿಸಿದರು. ಮೆತ್ತನೆಯ ಕಾಗದವನ್ನು ಮಡಿಚಿ, ಬೆಚ್ಚಗೆ ಮಾಡಿದ ಅದೇ ನೀರಿನಲ್ಲಿ ನೆನೆಸಿ, ಹೆಡ್ಡಿನ ಕೆಳಗೆ ತಳ್ಳಿ, ಹೆಡ್ಡನ್ನು ಅದರ ಮೇಲೆ ತಂದು ನಿಲ್ಲಿಸಿದರು.

“ಇನ್ನೇನ್ ಮಾಡಬೇಕ್ರಿ?”

“ಏನೂ ಮಾಡಬಾರದು. ನೆನೀಲಿ. ಚಾ ಕುಡೀರಿ.”

ಏನೂ ಮಾಡದೆ ಕೂಡುವುದು ನನ್ನ ಕೈಲಾಗದ ಕೆಲಸ. ಎರಡು ಚಹಾ ಕುಡಿದೆ. ಎದುರಿನ ಕಾಳಿನ ಅಂಗಡಿಯಲ್ಲಿ ಚೀಲ ಇಳಿಸುವುದನ್ನು ನೋಡಿದೆ. ಸಂಜೆಯ ಬಿಸಿಲು ಅಂಗಡಿಯ ಹೊಸ್ತಿಲಿಗೆ ಬಂದಾಗ ಆಕೆ ಕಾಗದ ಎಳೆದು ತೆಗೆದರು. ಅದರ ಮೇಲೆ ಮೂರು ಬಣ್ಣದ ಪಟ್ಟಿ ದಟ್ಟವಾಗಿ, ನಾಲ್ಕನೆಯದು ತೆಳ್ಳಗೆ, ಆದರೆ ಇತ್ತು. ಹಳದಿ ಕರಗುತ್ತಿದೆ! ಇನ್ನೊಂದು ಸಲ ನೆನೆಸಿ, ಒಮ್ಮೆ ತೊಳೆಯುವ ಗುಂಡಿ ಒತ್ತಿ, ಪರೀಕ್ಷೆಯ ಹಾಳೆ ತೆಗೆದರು. ನಾನು ಕಿಸೆಯಿಂದ ನೀಲಿ ಗಾಜು ತೆಗೆದು ಕಣ್ಣಿಗೆ ಹಿಡಿದೆ. ಮೆಟ್ಟಿಲುಗಳು ಮೇಲಿನಿಂದ ಕೆಳಗಿನ ತನಕ, ಒಂದೂ ತಪ್ಪಿಲ್ಲ.

“ಅದೇನ್ರಿ, ಕೊಡ್ರಿ ಇಲ್ಲೆ.” ಗಾಜನ್ನು ಕಸಿದುಕೊಂಡು ಆಕೆಯೂ ನೋಡಿದರು. ಮುಖ ಅರಳಿತು. “ಅಯ್ಯ! ಇಷ್ಟ ದಿನಾ ಹಳದಿ ನೋಡಾಕ ಹಾಳಿ ತಿರುವಿ ತಿರುವಿ ಸಾಯ್ತಿದ್ದೆ. ಇದ ನನಗ ಇರಲಿ.”

“ಸಾಲೀದ್ರಿ ಅದು, ಲ್ಯಾಬಿಂದು.”

“ನಿಮ್ಮ ಸಾಲಿಗೆ ಇದರ ಕೆಲಸ ಏನೈತಿ?”

ಪ್ರಶ್ನೆ ಸರಿಯಾಗಿಯೇ ಇತ್ತು. ಆದರೂ ಗಾಜು ಮರಳಿ ತಂದೆ.

ಭಾನುವಾರ ಏಳೂ ಫೋಟೋ ಹೊಸದಾಗಿ ಹೊಡೆದು, ಹಳೆಯ ಏಳನ್ನೂ ಜೊತೆಗಿಟ್ಟುಕೊಂಡು ಸವಣೂರಿಗೆ ಹೋದೆ. ದಾರಿಯುದ್ದಕ್ಕೂ ಮಸೂರ, ಹಳದಿ, ನೀಲಿ ಎಂದು ಪಾಠ ತಯಾರು ಮಾಡಿಕೊಂಡಿದ್ದೆ. ಅತ್ತಿ ಕೇಳಿದಳು. ಪೂರ್ತಿ ಕೇಳಿದಳು. ಹೊಸ ಫೋಟೋವನ್ನು ಹೊಸ ಕಣ್ಣಿಗೆ ಹಿಡಿದಳು.

“ಗಿಣಿ ಹಸರ ಬಂದೈತಿ.”

“ಹೌದಿಲ್ಲೋ?”

“ಬಂದೈತಿ. ಆದರ ಮೊದಲ ಕೊಟ್ಟಿದ್ದನ್ನೂ ನೀನ ಕೊಟ್ಟಿ. ಇದನ್ನೂ ನೀನ ಕೊಟ್ಟಿ. ಅದು ಸುಳ್ಳ, ಇದು ಖರೆ ಅಂತ ನಾ ಹೆಂಗ ನಂಬಲಿ? ನನ್ನ ದವಾಖಾನಿಗೆ ಕಳಸಾಕ ಇದರಾಗ ಹಳದಿ ಜಾಸ್ತಿ ಸುರದಿರಬೇಕು.”

ನಾನು ಮತ್ತೆ ಮಸೂರ ಎಂದು ಶುರು ಮಾಡಿದೆ. ಅತ್ತಿ ಕೈ ಎತ್ತಿ ನಿಲ್ಲಿಸಿದಳು.

“ಒಂದೊಂದ ತುಂಡು ಎತ್ತಿ ನೋಡಿದ್ರ ಬಣ್ಣ ತಿಳಿಯಂಗಿಲ್ಲೋ ತಮ್ಮಾ. ಬಾಜೂಕ ಬಾಜೂ ಇಡಬೇಕು.”

ಸೊಸೆಯನ್ನು ಕೂಗಿ, ಅಟ್ಟದ ಮೇಲಿನ ಗಂಟು ಇಳಿಸಲು ಹೇಳಿದಳು. ಬಿಚ್ಚಿದರೆ ಬಟ್ಟೆಯ ಚೂರುಗಳು, ಅಂಗೈಯಗಲದವು, ಬೆರಳಗಲದವು. ಹೊಲಿದ ಪ್ರತಿ ಕೌದಿಯಿಂದಲೂ ಮಿಕ್ಕಿದ್ದು. ನಲವತ್ತು ವರ್ಷದ್ದು ಇರಬಹುದು. ಅದರೊಳಗೆ ಕೈಯಾಡಿಸಿ ಗಿಣಿ ಹಸಿರಿನ ಒಂದು ಚೂರು ಎಳೆದಳು. “ಇದ ಆ ಕೌದೀದು. ನನ್ನ ಮದುವಿ ಪತ್ತಲದ್ದು.”

ಮೊದಲು ಹಳೆಯ ಫೋಟೋದ ಮೇಲೆ ಚೂರನ್ನು ಇಟ್ಟಳು, ಆ ನೀಲಿ ಚೌಕದ ಪಕ್ಕಕ್ಕೆ. ಹೊಸ ಕಣ್ಣು ಮುಚ್ಚಿ ಹಳೆಯ ಕಣ್ಣಿನಿಂದ ಬಗ್ಗಿ ನೋಡಿದಳು. ಬಹಳ ಹೊತ್ತು. ಬಟ್ಟೆ ಮತ್ತು ಫೋಟೋ ಎರಡನ್ನೂ ನೋಡುತ್ತಿರುವುದು ಒಂದೇ ಕಣ್ಣು. ಹಳದಿ ಸುರಿದರೆ ಅದು ಎರಡರ ಮೇಲೂ ಸುರಿಯಬೇಕು. ಇಷ್ಟು ಸರಳ ಪರೀಕ್ಷೆ ನನ್ನ ಪಾಠದಲ್ಲಿ ಇರಲಿಲ್ಲ.

“ಕೂಡಂಗಿಲ್ಲ” ಅಂದಳು. “ಈ ಕಣ್ಣಾಗೂ ಕೂಡಂಗಿಲ್ಲ. ಬಟ್ಟಿ ಭಾಳ ಹಳದಿ ಐತಿ, ಫೋಟೋ ಅಷ್ಟಿಲ್ಲ.” ಅದೇ ಚೂರನ್ನು ಹೊಸ ಫೋಟೋದ ಮೇಲೆ ಸರಿಸಿದಳು. ಹಳೆಯ ಕಣ್ಣು. ಅಂಗೈ ಬದಲು. ಹೊಸ ಕಣ್ಣು. ಮತ್ತೆ ಹಳೆಯದು. “ಕೂಡತೈತಿ. ಎರಡರಾಗೂ ಕೂಡತೈತಿ.”

ಇನ್ನೂ ನಾಲ್ಕು ಚೂರು ತೆಗೆದಳು. ದಾಳಿಂಬರಿ ಕೆಂಪು, ಬದನೀಕಾಯಿ ಬಣ್ಣ, ಸೂರ್ಯಪಾನದ ಹಳದಿ, ಯಾರದೋ ಅಂಗಿಯ ಬಿಳಿ. ಒಂದೊಂದನ್ನೂ ಇಟ್ಟು ನೋಡಿದಳು. ಬಿಳಿಯ ಹತ್ತಿರ ತಡೆದಳು. “ಇದು ಎಡಗಣ್ಣಾಗ ಕೆನಿ ಬಣ್ಣ ಕಾಣತೈತಿ. ಬಲಗಣ್ಣಾಗ ಬೆಳ್ಳಗ.”

“ಅದ ನಾ ಹೇಳಿದ್ದು. ಹಳೇ ಕಣ್ಣಾಗ ಹಳದಿ ಕುಂತೈತಿ.”

“ಎಷ್ಟ ವರ್ಷದಿಂದ?”

“ಗೊತ್ತಿಲ್ಲ. ಮೆಲ್ಲಕ ಬರತೈತಿ ಅದು.”

“ಹಂಗಾರ ನಾ ಇಷ್ಟ ದಿನಾ ಕೆನಿ ಅಂತ ತಿಳದು ಜೋಡಿಸಿದ್ದು ಬೆಳ್ಳಗ ಇತ್ತು.” ಅವಳ ದನಿಯಲ್ಲಿ ದುಃಖವಿರಲಿಲ್ಲ. ಯಾರದೋ ಮನೆಯ ಗುಟ್ಟು ಹೊರಬಿದ್ದಾಗ ಬರುವ ಹುರುಪು ಇತ್ತು. ಎದ್ದು ಹೊಸ್ತಿಲಿಗೆ ಹೋದಳು. ಒಂದು ಕಣ್ಣು ಮುಚ್ಚಿ ಆಕಾಶ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು. ಸೊಸೆಯ ಸೀರೆ, ಹಾಲಿನ ಪಾತ್ರೆ, ದೇವರ ಮಾಡದ ದೀಪ. ಪ್ರತಿಯೊಂದನ್ನೂ ಎರಡೆರಡು ಸಲ. “ಹಾಲು ನೋಡಲೇ, ಎರಡ ಎಮ್ಮೀದು ಆಗೈತಿ” ಎಂದು ನಕ್ಕಳು.

ಆಮೇಲೆ ಬಂದು ಕುಳಿತು ಎಲೆಗೆ ಸುಣ್ಣ ಹಚ್ಚುತ್ತ, “ದಿನಾ ಎಂದು ಕೊಟ್ಟಾರ?” ಅಂದಳು.

“ಬರೂ ಶುಕ್ರವಾರ.”

“ಐದ ದಿನಾ ಐತಿ ಹಂಗಾರ. ಸಾಕು. ಅಷ್ಟರಾಗ ಈ ಕಣ್ಣಿಂದ ಎಲ್ಲಾ ಒಂದ ಸಲ ನೋಡಿ ಮುಗಸ್ತೇನಿ. ಹೋದ ಮ್ಯಾಲ ಹಾಲಿನ ಈ ಬಣ್ಣ ಮತ್ತ ಸಿಗಂಗಿಲ್ಲ.”

ಶುಕ್ರವಾರ ಹುಬ್ಬಳ್ಳಿಗೆ ನಾನೂ ಹೋದೆ. ಆಪರೇಶನ್ ಅರ್ಧ ತಾಸಿನಲ್ಲಿ ಮುಗಿಯಿತು. ಹೊರಗಿನ ಬೆಂಚಿನ ಮೇಲೆ ಏನೇನು ಕೆಡಬಹುದು ಎಂಬ ಪಟ್ಟಿಯನ್ನು ನಾನು ಪೂರ್ತಿ ಮಾಡುವುದಕ್ಕೂ ಸಮಯ ಸಿಗಲಿಲ್ಲ. ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದರು. ಅತ್ತಿ ಗೋಡೆ ನೋಡಿದಳು, ಕಿಟಕಿ ನೋಡಿದಳು, ತನ್ನ ಕೈ ತಿರುಗಿಸಿ ನೋಡಿಕೊಂಡಳು. ಕೊನೆಗೆ ನನ್ನ ಕಡೆ ತಿರುಗಿ, ಅಂಗೈಯಿಂದ ಒಂದು ಕಣ್ಣು ಮುಚ್ಚಿದಳು. ಬದಲಿಸಿದಳು.

“ತಮ್ಮಾ, ನಿನಗ ಮೈಯಾಗ ಆರಾಮ ಇಲ್ಲೇನು?”

“ಯಾಕತ್ತಿ?”

“ಭಾಳ ಬಿಳಿಚಿಕೊಂಡಿದಿ. ಮೊನ್ನಿತನಕ ಒಂದ ಕಣ್ಣಾಗ ಬಿಳಿಚಿದಂಗ ಕಾಣತಿದ್ದಿ, ಇನ್ನೊಂದರಾಗ ಗೋದಿ ಬಣ್ಣ ಚಲೋ ಇದ್ದಿ. ನಾ ಹಳೇದನ್ನ ನಂಬಿದ್ದೆ. ಈಗ ಎರಡೂ ಒಂದ ಹೇಳಾಕತ್ತಾವ.”

ಇದು ಮಸೂರದ ಮಾತು, ಹಳದಿ ಹೋದದ್ದರ ಮಾತು, ನನ್ನ ಬಣ್ಣ ಇದ್ದದ್ದೇ ಹೀಗೆ. ಅದರ ವಿಜ್ಞಾನವೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಸೋಮವಾರ ಶಾಲೆಗೆ ಹೋಗುವ ಮೊದಲು ಹಾನಗಲ್ಲಿನಲ್ಲಿ ರಕ್ತ ಪರೀಕ್ಷೆಗೆ ಕೊಟ್ಟು ಬಂದೆ.